ಕೈಮೇಲಿನ ಸುಂಕ

ಬಳೆಗಾರ್ತಿ ಜಮೀಲಾಬೀಗೆ ಮುಖಕ್ಕಿಂತ ಕೈಗಳೇ ಚೆನ್ನಾಗಿ ನೆನಪಿರುತ್ತಿದ್ದವು. ಮಸ್ಕಿಯ ಸಂತೆಯಲ್ಲಿ ಯಾರಾದರೂ ಎದುರು ಕೂತು "ಗುರ್ತು ಹತ್ತಿತೇನ್ ಜಮೀಲವ್ವಾ?" ಎಂದರೆ ಆಕೆ ತಲೆ ಎತ್ತುವ ಗೋಜಿಗೆ ಹೋಗದೆ ಅವರ ಬಲಗೈ ಎಳೆದುಕೊಂಡು, ಹೆಬ್ಬೆರಳ ಬುಡವನ್ನು ಮೆತ್ತಗೆ ಹಿಚುಕಿ, "ಪಾಮನಕಲ್ಲೂರಿನಾಕಿ ಅಲ್ಲೇನು ನೀ? ಕೂಸಿಗೆ ಇನ್ನಾ ಮೊಲಿ ಬಿಡಿಸಿಲ್ಲ, ಕೈ ಹೆಂಗ ಸೊರಗ್ಯಾವ ನೋಡು" ಎನ್ನುತ್ತಿದ್ದಳು. ಮಾತಾಡುತ್ತಲೇ ಬೆರಳು ಮಡಿಸಿ, ಅಂಗೈಯನ್ನು ದೊನ್ನೆಯಂತೆ ಮುದುಡಿ, ಗಾಜಿನ ಬಳೆಯನ್ನು ಗೆಣ್ಣು ದಾಟಿಸಿಬಿಡುತ್ತಿದ್ದಳು. ನೋವು ತಿಳಿಯುವ ಮೊದಲೇ ಬಳೆ ಮಣಿಕಟ್ಟಿನಲ್ಲಿರುತ್ತಿತ್ತು. ತೊಟ್ಟು ಮುಗಿದ ಮೇಲೆ ಆ ಹೆಂಗಸು ಮಲಾರಕ್ಕೆ, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ಆ ಹೊರೆಗೆ, ಬಾಗಿ ಕೈಮುಗಿಯುತ್ತಿದ್ದಳು. ಗೌಡರ ಸೊಸೆಯಿರಲಿ, ಕೂಲಿಯಾಕೆಯಿರಲಿ, ಬಾಗದೆ ಎದ್ದುಹೋಗುವ ಪದ್ಧತಿ ಇರಲಿಲ್ಲ.

ಜಮೀಲಾಬೀಯ ಕೈಗಳು ಮಾತ್ರ ಬರಿದಾಗಿದ್ದವು. ಮಗಳು ಸಕೀನಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಗಂಡ ಲಾಲ್‌ಸಾಬ್ ವಾಂತಿಭೇದಿಯಲ್ಲಿ ತೀರಿಕೊಂಡ. ಅವನ ಹೆಗಲ ಮಲಾರವನ್ನು ಈಕೆ ಹೊತ್ತಳು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಹೆಗಲಲ್ಲಿ ಗಾಜು. ಮಗು ಕೈಹಾಕಿ ಗಾಜು ಮುರಿದುಕೊಂಡೀತೆಂದು ದಾರಿಯುದ್ದಕ್ಕೂ ಜೀವ ಬಿಗಿಹಿಡಿದು ನಡೆದವಳು ಆಕೆ. ಹೊಳೆ ದಾಟಿ ಇಂಗ್ಲಿಷರ ಕುಂಪಣಿ ಸೀಮೆಗೆ ಹೋಗಿ, ಬಳ್ಳಾರಿ ಪೇಟೆಯಿಂದ ಬಳೆ ತಂದು, ನಿಜಾಮನ ಮೊಗಲಾಯಿಯ ಈ ದಂಡೆಯಲ್ಲಿ ಮಾರಿ, ಮಗಳನ್ನು ಬೆಳೆಸಿ, ಬಳಗಾನೂರಿನ ಅಮೀನ್‌ಸಾಬ್‌ಗೆ ಮದುವೆ ಮಾಡಿಕೊಟ್ಟಿದ್ದಳು.

ಸಂತೆಯಲ್ಲಿ ಆಕೆ ಕೂಡುತ್ತಿದ್ದ ಜಾಗ ಸೀರೆ ವ್ಯಾಪಾರಿ ದೊಡ್ಡಬಸಪ್ಪನ ಅಂಗಡಿ ಕಟ್ಟೆಯ ಬುಡ. ಜರ್ಮನ್ ಲಡಾಯಿಯ ಕಾಲ ಅದು. ಎಲ್ಲವೂ ತುಟ್ಟಿ. ಮೇಲೆ ಕಟ್ಟೆಯಲ್ಲಿ ಗಂಡಸರು ಸರಕಾರವನ್ನು ಬೆಳಿಗ್ಗೆ ಕೆಡವಿ ಮಧ್ಯಾಹ್ನ ಎತ್ತಿ ನಿಲ್ಲಿಸುತ್ತಿದ್ದರು. ಎಲ್ಲ ಜಗಳಕ್ಕೂ ಮೂಲ ಕರೋಡಗಿರಿ: ಹೊಳೆ ದಾಟಿ ಬರುವ, ಹೋಗುವ ಸರಕಿನ ಮೇಲೆ ದಂಡೆಯ ನಾಕಾದಲ್ಲಿ ನಿಜಾಮ ಸರಕಾರ ವಸೂಲಿ ಮಾಡುತ್ತಿದ್ದ ಸುಂಕ.

"ಸುಂಕ ಇಲ್ದ ಸರಕಾರ ಹೆಂಗ ನಡಿಬೇಕಲೇ ಗದ್ದೆಪ್ಪಾ?" ಎಂದು ದೊಡ್ಡಬಸಪ್ಪ ಅವತ್ತೂ ಶುರುಮಾಡಿದ. "ಲಿಂಗಸೂಗೂರಿಗೆ ರಸ್ತಾ ಬೇಕಂತೀರಿ, ದವಾಖಾನಿ ಬೇಕಂತೀರಿ. ರೊಕ್ಕ ಮ್ಯಾಲಿಂದ ಉದರ್ತಾವೇನು?"

ಶೇಂಗಾ ಬೆಳೆಯುವ ಗದ್ದೆಪ್ಪ ಎಲೆಯಡಿಕೆ ಉಗಿದು ಬಂದ. "ರಸ್ತಾ ಎಲ್ಲೈತಿ ತೋರ್ಸೋ ಮಾರಾಯ, ನನ್ನ ಬಂಡಿ ಎತ್ತುಗಳಿಗೆ ಒಂದು ಸಲ ದರ್ಶನ ಮಾಡ್ಸಿ ಬರ್ತೀನಿ. ನನ್ನ ಶೇಂಗಾ ಆ ದಂಡಿಗೆ ಹೋದ್ರೂ ಸುಂಕ, ಆ ದಂಡಿ ಉಪ್ಪು ಈ ದಂಡಿಗೆ ಬಂದ್ರೂ ಸುಂಕ. ನಿನಗೇನಪಾ, ಆಕಡಿ ಗಿರಣಿ ಸೀರಿಗೆ ಸುಂಕ ಬಿದ್ದಷ್ಟೂ ನಿನ್ನ ಮಗ್ಗದ ಸೀರಿ ಖರ್ಚಾಗ್ತೈತಿ."

"ಮತ್ತ? ನಮ್ಮ ನೇಕಾರ್ರು ಉಪಾಸ ಸಾಯ್ಬೇಕೇನು?"

"ನೇಕಾರ ಬದಕ್ಲಿ. ನಾ ಸಾಯ್ತೀನಿ, ನನ್ನ ಹೆಣಕ್ಕ ನಿನ್ನ ಸೀರೀನ ಹೊಚ್ಚು."

ಕೆಳಗೆ ಒಬ್ಬಾಕೆಯ ಕೈ ಹಿಚುಕುತ್ತಿದ್ದ ಜಮೀಲಾಬೀ ತಲೆ ಎತ್ತಿದಳು. "ಇಬ್ರೂ ಗುದ್ದಾಡಿದ್ದು ಸಾಕ್ರಿ ಯಣ್ಣಾ. ಸುಂಕ ಯಾರು ಕೊಡ್ತಾರ ನಾ ಹೇಳ್ತೀನಿ. ನಾಕಾದಾಗ ನಾ ಕಟ್ತೀನಿ, ಖರೆ. ಆಮ್ಯಾಲ ಅದನ್ನ ಈ ತಂಗಿ ಕಡಿಂದ ಇಸ್ಕೊಂತೀನಿ. ಈಕಿ ನಿಮ್ಮಂಥಾ ಗಂಡನ ಕಣ್ಣು ತಪ್ಪಿಸಿ ಜ್ವಾಳ ಮಾರಿ ಕೊಡ್ತಾಳ. ಸರಕಾರ ನಡ್ಯಾದು ನಮ್ಮ ಕೈಮ್ಯಾಲ, ನಿಮ್ಮ ಮೀಸಿ ಮ್ಯಾಲಲ್ಲ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗದ್ದೆಪ್ಪನೂ ನಕ್ಕ. ನಕ್ಕವನು ಸುಮ್ಮನಿರದೆ, "ಹಂಗಾದ್ರ ಹುಷಾರಿರು ಬೇ. ಹೊಳಿ ನಾಕಾಕ್ಕ ಹೊಸ ನಾಕೇದಾರ ಬಂದಾನ, ವೆಂಕೋಬ ಅಂತ. ಮೈಮ್ಯಾಲಿನ ಬಟ್ಟೀನೂ ಸರಕು ಅಂತಾನಂತ" ಎಂದ.

"ಉಟ್ಟ ಸೀರಿ ಸರಕಲ್ಲ, ತೊಟ್ಟ ಬಳಿ ಸರಕಲ್ಲ. ಅದನ್ನ ಎಣಸಾಕ ಬರೋ ಗಂಡಸು ಮೊದ್ಲು ಅವರವ್ವನ ಕೈಯಿಂದ ಸುರು ಮಾಡ್ಲಿ."

ಕಟ್ಟೆ ಗೊಳ್ಳೆಂದಿತು. ಆ ನಗುವಿನ ಹಿಂದೆ ನಾಕಾದ ಜವಾನನೊಬ್ಬ ಮೆಣಸಿನಕಾಯಿ ಕೊಳ್ಳುತ್ತ ನಿಂತಿದ್ದನ್ನು ಆಕೆ ನೋಡಲಿಲ್ಲ. ನೋಡಿದ್ದರೂ ಮಾತು ತಡೆಯುತ್ತಿದ್ದಳೆಂದು ಹೇಳಲಾಗದು.

ಮುಂದೆ ಸಕೀನಾ ಬಸುರಾದಾಗ, ಹೊಳೆಯಾಚೆಯ ಚಿಕ್ಕಮ್ಮ ಏಳನೆಯ ತಿಂಗಳ ಮಡಿಲು ತುಂಬಲು ಕರೆಸಿಕೊಂಡಳು. ಮೊಣಕೈವರೆಗೂ ಹಸಿರು ಬಳೆ ತೊಡಿಸಿ, ಹೂ ಮುಡಿಸಿ ಕಳಿಸಿದಳು. ತಾಯಿ ಮಗಳು ಹರಿಗೋಲಿನಲ್ಲಿ ಹೊಳೆ ದಾಟಿ ಈ ದಂಡೆಗೆ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಏಳು ತಿಂಗಳಲ್ಲಿ ಕಾಲು ಕೈ ಬಾತುಕೊಳ್ಳುವುದು, ಬಿಸಿಲಿಗೆ ಕಣ್ಣು ಕತ್ತಲಿಡುವುದು, ಹೊಟ್ಟೆಯೊಳಗಿನದು ಒಮ್ಮೆಲೇ ಸುಮ್ಮನಾಗಿ ಎದೆ ಝಲ್ಲೆನ್ನಿಸುವುದು ಹೆತ್ತವರಿಗೆಲ್ಲ ಗೊತ್ತಿರುವ ಸಂಗತಿ. ಜಮೀಲಾಬೀ ಹತ್ತು ಹೆಜ್ಜೆಗೊಮ್ಮೆ ತಿರುಗಿ, "ಕೂಸು ಒದಿಯಾಕತ್ತೈತೋ ಇಲ್ಲೋ?" ಎಂದು ಕೇಳುತ್ತಿದ್ದಳು.

ನಾಕಾದ ಬೇವಿನ ನೆರಳಿನಲ್ಲಿ ವೆಂಕೋಬ ಕುರ್ಚಿ ಹಾಕಿಕೊಂಡು ಕೂತಿದ್ದ. ಸಿಂಧನೂರಿನಲ್ಲಿ ಮನೆ ಮಾಡಿದ್ದ, ಸಣ್ಣ ಮೀಸೆಯ, ಒಗೆದ ಕೋಟಿನ ಮನುಷ್ಯ. ಮಲಾರ ಇಳಿಸಿ, ಸುಂಕ ಕಟ್ಟಿಸಿಕೊಂಡ. ಆಮೇಲೆ ಸಕೀನಾಳ ಕಡೆಗೆ ಗದ್ದ ಚಾಚಿದ.

"ಆ ಕೈಯಾಗಿನವು?"

"ತೊಟ್ಟ ಬಳಿ ಸಾಹೇಬ್ರ. ಬಸುರಿ ಹುಡಿಗಿ, ಶಾಸ್ತ್ರ ಮಾಡ್ಯಾರ."

"ಮೊಣಕೈತನಾ ಶಾಸ್ತ್ರ? ಅದು ಕಳ್ಳಸರಕು. ತೆಗಸು."

"ಅವಕ್ಕೂ ಕಟ್ತೀನ್ರಿ. ಕೈಯಾಗ ಇದ್ದಂಗ ಎಣಿಸಿ ತಗೋರಿ."

"ಸರಕು ನೆಲದ ಮ್ಯಾಲ ಇಟ್ಟು ಎಣಸ್ಬೇಕಂತ ಕಾಯ್ದೆ ಐತಿ."

"ತೊಟ್ಟ ಬಳಿ ತೆಗಿಯಾದು ಗಂಡ ಸತ್ತಾಗ್ರಿ ಸಾಹೇಬ್ರ. ನಿಮಗೂ ಮನ್ಯಾಗ ಹೆಣ್ಮಕ್ಕಳು ಅದಾರ."

ವೆಂಕೋಬ ಮುಂದೆ ಬಾಗಿದ. ದನಿ ಎತ್ತರಿಸಲಿಲ್ಲ. "ಸಂತ್ಯಾಗ ನಿನ್ನ ನಾಲಿಗಿ ಭಾಳ ಚುರುಕಂತ. ನಮ್ಮವ್ವನ ಕೈಯಿಂದ ಸುರು ಮಾಡು ಅಂದ್ಯಂತ. ಆಕಿ ಸತ್ತು ಭಾಳ ವರ್ಷ ಆಯ್ತು. ಈಗ ನಿನ್ನ ಮಗಳಿಂದ ಸುರು ಮಾಡೋಣ."

ನೆರಳಿಗೆ ಬರಗೊಡದೆ ಇಬ್ಬರನ್ನೂ ಬಿಸಿಲಿನಲ್ಲೇ ಕೂಡಿಸಿದ. ಹರಿಗೋಲಿನಿಂದ ಇಳಿದವರು ಸುತ್ತ ನಿಂತಿದ್ದರು. ಒಬ್ಬೊಬ್ಬರ ಗಂಟಿನಲ್ಲೂ ಉಪ್ಪೋ, ಗಿರಣಿ ಬಟ್ಟೆಯೋ ಇತ್ತು. ಎಲ್ಲರೂ ಗಂಟನ್ನು ಬೆನ್ನ ಹಿಂದೆ ಸರಿಸಿಕೊಂಡರು. ಹೊತ್ತು ನೆತ್ತಿಯಿಂದ ಇಳಿಯಿತು. ಜಮೀಲಾಬೀ ಕಾಲು ಹಿಡಿದಳು. ಕಾಲು ಹಿಂದಕ್ಕೆಳೆದುಕೊಂಡು ಆತ ಬೀಡಿ ಹಚ್ಚಿದ. ಕೊನೆಗೆ ಸಕೀನಾ ತಾನೇ ಬಳೆ ಎಳೆಯಲು ಶುರುಮಾಡಿದಳು. ಬಾತ ಕೈ ದಾಟಿ ಬಳೆ ಬರಲೊಲ್ಲದು. ತಾಯಿ ಮುಂದೆ ಬಂದರೆ, "ನೀ ಮುಟ್ಟಬ್ಯಾಡಮ್ಮಾ, ನೀ ತೆಗಿಬಾರ್ದು" ಎಂದು ಕೈ ಹಿಂದಕ್ಕೆ ಸರಿಸಿದಳು. ಬಳೆ ಒಡೆಯಿತು ಎಂಬ ಮಾತನ್ನು ಹೆಂಗಸರು ಬಾಯಲ್ಲಿ ಆಡುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅವತ್ತು ಆ ಮಣ್ಣಿನಲ್ಲಿ ಬಳೆಗಳು ಒಂದರ ಮೇಲೊಂದು ಹೆಚ್ಚುತ್ತ ಹೋದವು. ಒಂದು ಚೂರು ಎಡ ಮಣಿಕಟ್ಟಿನ ಒಳಮೈಯನ್ನು ಉದ್ದಕ್ಕೆ ಸೀಳಿತು. ರಕ್ತ ಹಸಿರು ಗಾಜಿನ ಮೇಲೆ ತೊಟ್ಟಿಕ್ಕಿತು.

ವೆಂಕೋಬ ಎದ್ದು ಬಂದು ನೋಡಿದ. "ಚೂರಾದವಕ್ಕ ಸುಂಕ ಬ್ಯಾಡ. ಉಳಿದವಕ್ಕ ಕಟ್ಟಿ ನಡೀರಿ."

ಹೆರಿಗೆ ದಿನಕ್ಕೆ ಮೊದಲೇ ಆಯಿತು, ಆದರೂ ಕೂಸು ಉಳಿಯಿತು. ಬೆಕ್ಕಿನ ಮರಿಯಷ್ಟೇ ಇದ್ದ ಹೆಣ್ಣು ಕೂಸು, ಆದರೆ ಉಸಿರು ಗಟ್ಟಿಯಿತ್ತು. ಸಕೀನಾ ಮಾತ್ರ ಬಳೆಗೆ ಕೈ ಒಡ್ಡಲಿಲ್ಲ. ಬಾಣಂತನದಲ್ಲಿ ಬೇಡವೆಂದಳು, ನಲವತ್ತು ದಿನ ಕಳೆದ ಮೇಲೂ ಬೇಡವೆಂದಳು. ಬಳಗಾನೂರಿನ ಅತ್ತೆ ಮೊದಲು ಗೊಣಗಿದಳು. ಅಮೀನ್‌ಸಾಬ್‌ಗೆ ಮಲೇರಿಯಾ ಬಂದು ಮಲಗಿದಾಗ ಆ ಗೊಣಗಾಟ ಬೊಬ್ಬೆಯಾಯಿತು: "ಗಂಡ ಬದುಕಿದ್ದಾಗ ಬರಿಗೈಲಿ ಅಡ್ಯಾಡಾಕಿ ಯಾಕಿ? ನನ್ನ ಮಗನ್ನ ತಿನ್ನಾಕ ಬಂದೀಯೇನ?" ಜ್ವರ ಬಿಟ್ಟ ಮೇಲೆ ಸೊಸೆಯನ್ನೂ ಕೂಸನ್ನೂ ಬಂಡಿಯಲ್ಲಿ ಕೂಡಿಸಿ ಮಸ್ಕಿಗೆ ತಂದು ಬಿಟ್ಟಳು. "ಕೈ ತುಂಬಿಸಿ ಕಳಸ್ರಿ. ಆಗ್ಲಿಲ್ಲಂದ್ರ ಇಲ್ಲೇ ಇಟ್ಕೊರಿ. ನನ್ನ ಮಗನಿಗೆ ಬ್ಯಾರೆ ನೋಡ್ತೀನಿ." ಅಮೀನ್‌ಸಾಬ್ ಎತ್ತಿನ ಕೊರಳು ಸವರುತ್ತ ನಿಂತಿದ್ದವನು, ಹೊರಡುವಾಗ ಕೂಸಿನ ಪಾದ ಮುಟ್ಟಿ ಹೋದ.

ಊರಿಗೆಲ್ಲ ಬಳೆ ತೊಡಿಸುವವಳ ಮಗಳು ಸೆರಗಿನಡಿ ಕೈ ಬಚ್ಚಿಟ್ಟುಕೊಂಡು ಮೂಲೆಯಲ್ಲಿ ಕೂತಳು. ಜಮೀಲಾಬೀ ಬೈದಳು, ಬೇಡಿದಳು, ಅವಳು ನಿದ್ದೆ ಹೋದಾಗ ಒಂದು ಬಳೆ ಏರಿಸಲು ನೋಡಿದಳು. ಸಕೀನಾ ಬೆಚ್ಚಿ ಎದ್ದು ಕೂತಳು.

"ತೊಟ್ಟರ ಮತ್ತ್ಯಾರೋ ತೆಗಿ ಅಂತಾರಮ್ಮಾ. ಮತ್ತೊಂದು ಸಲ ನನ್ನ ಕೈಲಿ ಆಗಲ್ಲ."

ಅಲ್ಲಿಂದ ಜಮೀಲಾಬೀಯ ಒಳಗೆ ಒಂದೇ ಯೋಚನೆ ಬೇರು ಬಿಟ್ಟಿತು. ರೊಟ್ಟಿ ತಟ್ಟುವಾಗ, ದಾರಿ ನಡೆಯುವಾಗ, ನಮಾಜಿಗೆ ಬಾಗಿದಾಗಲೂ ಅದೇ. ವೆಂಕೋಬನ ಮನೆಯ ಹೆಣ್ಣಿನ ಕೈಯಿಂದ ಬಳೆ ಇಳಿಯಬೇಕು. ಅವನೇ ಇಳಿಸಬೇಕು. ಅದನ್ನು ಜನ ನೋಡಬೇಕು, ತನ್ನ ಮಗಳಿಗೆ ಆ ಸುದ್ದಿ ಮುಟ್ಟಬೇಕು. ಅದೊಂದು ಆದರೆ ಮಗಳ ಕೈ ಸಡಿಲವಾದೀತು, ಮಗಳ ಸಂಸಾರ ನಿಂತೀತು ಎಂದು ಆಕೆ ನಂಬಿಬಿಟ್ಟಳು.

ಸಂಗತಿ ಕಟ್ಟೆಗೆ ತಿಳಿದು ಅಲ್ಲೂ ಚರ್ಚೆಯಾಯಿತು. "ಅವಂದು ತಪ್ಪು ಹೌದು," ಎಂದ ದೊಡ್ಡಬಸಪ್ಪ, "ಆದ್ರ ಅಂವಾ ಕಾಯ್ದೆ ಹಿಡಿದು ನಿಂತಾನ. ಕಾಯ್ದೆ ಬದಲಾಗ್ಬೇಕು. ತೊಟ್ಟ ಬಳಿಗೆ ಮಾಫಿ ಕೊಡ್ರಿ ಅಂತ ಒಂದು ಅರ್ಜಿ ಬರಿಯೋಣು. ನಾನೂ ಸಹಿ ಹಾಕ್ತೀನಿ."

"ಹೈದ್ರಾಬಾದ್ ದೊರಿ ನಿನ್ನ ಅರ್ಜಿ ಓದೋದ್ರಾಗ ಆ ಕೂಸಿಗೆ ಮೊಮ್ಮಕ್ಕಳಾಗ್ತಾವ" ಎಂದ ಗದ್ದೆಪ್ಪ.

"ಹಂಗಂತ ಅವನ ತಲಿ ಒಡಿಬೇಕೇನು?"

ಜಮೀಲಾಬೀ ಮಲಾರ ಬಿಚ್ಚುತ್ತ ಹೇಳಿದಳು: "ಅರ್ಜಿ ನೀವು ಬರೀರಿ ಯಣ್ಣಾ, ಚಂದಾಗಿ ಬರೀರಿ. ತಲಿ ಒಡಿಯೋದೂ ಬ್ಯಾಡ. ಅವನ ಮಗಳ ಮದುವಿ ಗೊತ್ತಾಗೈತಂತ. ಬಳಿ ಇಲ್ದ ಅದು ಹೆಂಗ ಆಗ್ತೈತಿ ನಾ ನೋಡ್ತೀನಿ."

ಮದುವೆ ಮನೆಯಲ್ಲಿ ಬಳೆ ತೊಡುವ ದಿನವೇ ಬೇರೆ. ಮದುಮಗಳು, ತಾಯಿ, ಅತ್ತೆಯಂದಿರು, ಬಂದ ನೆಂಟರು, ಎಲ್ಲರಿಗೂ ಬಳೆಗಾರರು ಬಂದು ತೊಡಿಸಬೇಕು. ಅಂಗಡಿಯಿಂದ ತಂದು ತಾವೇ ಹಾಕಿಕೊಂಡರೆ ಅದು ಶಾಸ್ತ್ರವಲ್ಲ, ಹಾಕಿಕೊಳ್ಳಲು ಎಲ್ಲರಿಗೂ ಬರುವುದೂ ಇಲ್ಲ. ಸುತ್ತಿನ ಸಂತೆಗಳಿಗೆಲ್ಲ ಬಳೆಗಾರರು ಎಂದರೆ ಜಮೀಲಾಬೀಯಲ್ಲದೆ ಲಿಂಗಸೂಗೂರಿನ ಮುದುಕ ಶಾವಲಿ, ಸಿಂಧನೂರಿನ ಆದೆಮ್ಮ. ಶಾವಲಿ ಒಂದೇ ಮಾತಿಗೆ ಒಪ್ಪಿದ. ಆದೆಮ್ಮ ಮುಖ ಸಣ್ಣದು ಮಾಡಿದಳು.

"ಅವನ ಮನಿ ನನ್ನ ಓಣ್ಯಾಗ ಐತಿ ಜಮೀಲಾ. ಮದುವಿ ಮನಿ ಬಿಟ್ರ ನನ್ನ ಹೊಟ್ಟಿಮ್ಯಾಲ ಹೊಡಕೊಂಡಂಗ."

"ಹೋಗು ಹಂಗಾದ್ರ. ನಾಳೆ ನಿನ್ನ ಸೊಸಿ ಬಸುರಾಗಿ ಹೊಳಿ ದಾಟಿ ಬರ್ತಾಳ, ಆವಾಗ ನನ್ನ ಮಗಳ ಕೈ ನೆನಸ್ಕೊ."

ಆದೆಮ್ಮ ಎಲೆ ಮಡಿಸಿ ಬಾಯಿಗಿಟ್ಟಳು. "ಹೋದ ಸಾರಿ ನನ್ನ ಮಲಾರಕ್ಕೂ ಕಬ್ಬಿಣ ಸಲಾಕಿ ಚುಚ್ಚಿ ಒಳಗೇನೈತಿ ಅಂದಿದ್ದ ಮುಂಡೇಮಗ" ಎಂದಳು. "ಆತು. ನನಗ ಕೈ ಉಳುಕೈತಿ ಅಂತ ಹೇಳ್ತೀನಿ."

ಮದುವೆ ಹತ್ತಿರ ಬಂದಾಗ ಆದೆಮ್ಮನ ಕೈ ಉಳುಕಿತು. ಶಾವಲಿ ಯಾವುದೋ ದರ್ಗಾಕ್ಕೆ ಹೋಗಿದ್ದ. ಜವಾನ ಮಸ್ಕಿಗೆ ಬಂದು, "ಸಾಹೇಬ್ರ ಹುಕುಂ ಆಗೈತಿ, ನಡಿ" ಎಂದಾಗ ಜಮೀಲಾಬೀ ಹಲ್ಲುಕಿಸಿದು, "ನಿಮ್ಮ ಸಾಹೇಬ್ರು ಇಳಸಾಕ ಭಾಳ ಶಾಣ್ಯಾರಪಾ. ಏರಸೋದೂ ಅವರಿಗೇ ಬರ್ತಿರ್ಬೇಕು, ಕೇಳು ಹೋಗು" ಎಂದಳು.

ವೆಂಕೋಬ ತಾನೇ ಆಳು ಕಳಿಸಿ ಬಳ್ಳಾರಿಯಿಂದ ಪೆಟ್ಟಿಗೆಗಟ್ಟಲೆ ಬಳೆ ತರಿಸಿದ. ತರಿಸಿ ಏನು ಬಂತು? ಮನೆಯ ಹೆಂಗಸರು ಎಣ್ಣೆ, ಸಬಕಾರ ಹಚ್ಚಿಕೊಂಡು ಒಬ್ಬರ ಕೈಗೆ ಒಬ್ಬರು ಏರಿಸಲು ಹೋಗಿ ಪಡಸಾಲೆಯ ತುಂಬ ಗಾಜಿನ ಚೂರು. ಮದುಮಗಳ ಕೈಯಲ್ಲೇ ಹೆಚ್ಚತೊಡಗಿದಾಗ ಮುದುಕಿಯರು ಬಾಯಿ ಬಡಿದುಕೊಂಡರು, ಹುಡುಗಿ ಅಳತೊಡಗಿತು. ಯಾಕೆ ಯಾವ ಬಳೆಗಾರರೂ ಈ ಮನೆಯ ಹೊಸ್ತಿಲು ತುಳಿಯುತ್ತಿಲ್ಲವೆಂದು ಆತನ ಹೆಂಡತಿ ಪಾರ್ವತೆಮ್ಮ ಕೇಳಿದಳು. ಆತ ಜಾರಿಕೊಂಡ, ಮಸ್ಕಿಯ ಬಳೆಗಾರ್ತಿ ಬರಲೊಲ್ಲೆ ಅಂದಳೆಂದು ಜವಾನ ಬಾಯಿಬಿಟ್ಟ. ಆಕೆ ಬಂಡಿ ಕಟ್ಟಿಸಿ ಮಸ್ಕಿಯ ಹಾದಿ ಹಿಡಿದಳು.

ಜಮೀಲಾಬೀ ಬಾಗಿಲಲ್ಲಿ ಧೂಳು ತುಂಬಿದ ಸೀರೆಯ ಆ ಹೆಂಗಸನ್ನು ಕಂಡು, ಕೈ ನೋಡಿದಳು. ತುಂಬಿದ ಕೈ, ಹಸಿರು ಬಳೆ, ನಡುನಡುವೆ ಬಂಗಾರದ ಬಿಲ್ವಾರ. ಯಾರೆಂದು ಹೇಳುವ ಮೊದಲೇ ಗೊತ್ತಾಯಿತು. ಇಷ್ಟು ದಿನ ಬಾಯಲ್ಲಿ ಮೆದ್ದು ಮೆದ್ದು ಇಟ್ಟುಕೊಂಡ ಮಾತು ಈಗ ಸಲೀಸಾಗಿ ಹೊರಬಂತು.

"ಬರ್ತೀನಿ ಬಾಯೀ. ಒಂದ ಮಾತು ನಡಿಸಿಕೊಡ್ರಿ. ಮಸ್ಕಿ ಸಂತ್ಯಾಗ, ಎಲ್ಲಾರ ಮುಂದ, ನಿಮ್ಮ ಗಂಡ ತನ್ನ ಕೈಯಾರೆ ನಿಮ್ಮ ಬಳಿ ಇಳಸ್ಬೇಕು. ನೆಲದ ಮ್ಯಾಲ ಇಟ್ಟು ಎಣಸ್ಬೇಕು."

ಪಾರ್ವತೆಮ್ಮ ಕಿವಿ ಮುಚ್ಚಿಕೊಂಡಳು. "ಏನಂತ ಮಾತಾಡ್ತಿಯವ್ವಾ! ಮದುವಿ ಮನಿಯಾಕಿಗೆ..."

"ಬಸುರಿಗೆ ಮಾಡ್ಯಾರಲ್ಲ."

"ಯಾರು?"

"ಒಳಗ ಅದಾಳ, ಕೇಳ್ರಿ."

ಪಾರ್ವತೆಮ್ಮ ಒಳಗೆ ಹೋದಳು. ಸಕೀನಾ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಅಪರಿಚಿತಳನ್ನು ಕಂಡು ಕೈ ಸೆರಗಿನಡಿ ಎಳೆದುಕೊಳ್ಳುವಷ್ಟರಲ್ಲಿ ಪಾರ್ವತೆಮ್ಮ ಆ ಎಡಗೈ ಹಿಡಿದು ಹೊರಳಿಸಿದಳು. ಮಣಿಕಟ್ಟಿನ ಒಳಮೈಯಲ್ಲಿ ಎರೆಹುಳುವಿನಂಥ ಗಾಯದ ಕಲೆ. ಯಾವಾಗ, ಎಲ್ಲಿ ಎಂದು ಕೇಳಿದಳು. ಸಕೀನಾ ಹೇಳಿದಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಬಾವಿಗೆ ಹೋಗಿಬಂದ ಸುದ್ದಿ ಹೇಳುವವಳ ಹಾಗೆ. ಬಿಸಿಲು ಹೇಳಿದಳು, ಬೀಡಿ ಹೇಳಿದಳು, "ಚೂರಾದವಕ್ಕ ಸುಂಕ ಬ್ಯಾಡ" ಅಂದದ್ದು ಹೇಳಿದಳು.

ಪಾರ್ವತೆಮ್ಮ ಅಲ್ಲೇ ನೆಲಕ್ಕೆ ಕೂತಳು. ಕೂತವಳು ತನ್ನ ಬಲಗೈಯ ಬಳೆಗಳನ್ನು ಒಂದೊಂದಾಗಿ ಎಳೆಯತೊಡಗಿದಳು. ಜಮೀಲಾಬೀ ಬಾಗಿಲಲ್ಲಿ ನಿಂತಿದ್ದಳು. ಇದನ್ನೇ ಅಲ್ಲವೇ ಆಕೆ ಹಗಲು ರಾತ್ರಿ ಬಯಸಿದ್ದು? ಆದರೆ ಕೈ ತಾನಾಗಿ ಮುಂದೆ ಹೋಯಿತು. "ಬ್ಯಾಡ ಬಾಯೀ, ನೀವಲ್ಲ. ಅಂವಾ ತೆಗಿಬೇಕಂದೆ ನಾ."

"ಅವರು ತೆಗಿಯಂಗಿಲ್ಲ" ಎಂದಳು ಪಾರ್ವತೆಮ್ಮ. ಎಡಗೈಯವೂ ಇಳಿದವು. ಗಾಜಿನವನ್ನೂ ಬಂಗಾರದವನ್ನೂ ಸೆರಗಿನಲ್ಲಿ ಗಂಟು ಕಟ್ಟಿದಳು. "ಹೆಂಗ ಕಾಣ್ತೈತಿ ಅಂತ ಅವರು ನೋಡ್ಲಿ. ನೀ ಬಂದು ನನ್ನ ಮಗಳಿಗೆ ತೊಡ್ಸು, ಅದರದೇನೂ ತಪ್ಪಿಲ್ಲ. ನನಗ ತೊಡಸಬ್ಯಾಡ."

ಬಂಡಿಯಲ್ಲಿ ಅವಳ ಪಕ್ಕದಲ್ಲಿ ಕೂತು ಹೋಗುವಾಗ ಜಮೀಲಾಬೀಗೆ ಒಳಗೊಳಗೇ ಸಿಟ್ಟು. ತನ್ನ ಸೇಡು ಬೇರೊಬ್ಬಳ ಸೆರಗಿನ ಗಂಟಿನಲ್ಲಿ ಹೋಗುತ್ತಿತ್ತು.

ಮದುವೆ ಮನೆಯಲ್ಲಿ ಆಕೆ ಎಲ್ಲರಿಗೂ ತೊಡಿಸಿದಳು. ಮದುಮಗಳ ಕೈಯಲ್ಲಿ ಒಂದೂ ಹೆಚ್ಚಲಿಲ್ಲ. ಬೀಗರು ಲಿಂಗಸೂಗೂರಿನವರು, ಹೆಸರುಳ್ಳ ಮಂದಿ. ಬೀಗತಿ ಹಂದರದ ನಡುವೆ ನಿಂತು, "ಇದೇನ್ ಬೀಗತಿ, ತಾಯಾದಾಕಿ ಬರಿಗೈಲೆ ನಿಂತೀರಿ? ನಿಮ್ಮ ಯಜಮಾನ್ರು ಅಲ್ಲೇ ಓಡ್ಯಾಡಾಕತ್ತಾರ!" ಎಂದಳು.

ಪಾರ್ವತೆಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ತೊಟ್ಟ ಬಳಿ ಕಳ್ಳಸರಕಂತ್ರೀ ಬೀಗತಿ. ನಮ್ಮ ಯಜಮಾನ್ರ ನಾಕಾದಾಗ ಹಂಗ ಕಾಯ್ದೆ ಐತಿ. ಹೊಳಿದಂಡ್ಯಾಗ ಒಬ್ಬ ಬಸುರಿ ಕೈಯಿಂದ ಇಳಿಸ್ಯಾರ. ಇವರು ಆ ಕುರ್ಚಿಮ್ಯಾಲ ಇರೋತನಾ ನನ್ನ ಕೈ ಹಿಂಗ."

ಹಂದರದಲ್ಲಿ ಬಾಜಾ ಊದುತ್ತಿದ್ದವನೂ ಒಂದು ಉಸಿರು ತಪ್ಪಿದ. ವೆಂಕೋಬನ ಕೈಯಲ್ಲಿ ನೆಂಟರಿಗೆ ಹಿಡಿಯಲೆಂದು ತಂದ ಅತ್ತರಿನ ದಾನಿ ಇತ್ತು. ಅದನ್ನು ಹಿಡಿದುಕೊಂಡೇ ನಿಂತ. ಯಾರೂ ಅದಕ್ಕೆ ಕೈ ಚಾಚಲಿಲ್ಲ.

ಮಸ್ಕಿಗೆ ಬಂದು ಜಮೀಲಾಬೀ ಮಗಳಿಗೆ ಎಲ್ಲವನ್ನೂ ಹೇಳಿದಳು. ಸಕೀನಾ ಮೊದಲು ನಂಬಲಿಲ್ಲ. ಆಮೇಲೆ, "ಅತ್ತರದಾನಿ ಹಿಡಕೊಂಡು ಹೆಂಗ ನಿಂತಿದ್ದ? ತೋರ್ಸು" ಎಂದಳು. ಜಮೀಲಾಬೀ ಹಾಲಿನ ಗಿಂಡಿ ಹಿಡಿದು ಕಣ್ಣು ಪಿಳಿಪಿಳಿ ಮಾಡಿ ನಿಂತು ತೋರಿಸಿದಳು. ಸಕೀನಾ ನಕ್ಕಳು. ಹೊಟ್ಟೆ ಹಿಡಿದು, ಕೂಸು ಬೆಚ್ಚಿ ಅಳುವ ತನಕ ನಕ್ಕಳು. "ಇನ್ನೊಂದು ಸಲ" ಎಂದಳು. ತೋರಿಸಿದ ಮೇಲೆ ಮತ್ತೊಂದು ಸಲ ಎಂದಳು. ಆ ನಗು ಎಷ್ಟು ಹೊತ್ತಾದರೂ ನಿಲ್ಲದೆ, ತಾಯಿಗೆ ಹೆದರಿಕೆಯಾಯಿತು. ಹಾಲುಣಿಸುವವಳ ಎದೆಯಲ್ಲಿ ಇಂಥ ಉರಿ ಇದ್ದರೆ ಅದು ಕೂಸಿನ ಮೈಗೆ ಇಳಿದೀತೆ ಎಂದು ನೂರೆಂಟು ಹಾಳು ಯೋಚನೆ. ನಗು ತಗ್ಗಿದಾಗ ಸಕೀನಾ ಎರಡೂ ಕೈ ಮುಂದೆ ಚಾಚಿದಳು.

"ಹಾಕಮ್ಮಾ. ಇನ್ ಯಾವನು ತೆಗಿ ಅಂತಾನ ನೋಡೋಣು."

ವಾರ ತುಂಬುವುದರೊಳಗೆ ತಾಯಿಯ ಮನೆಯಿಂದ ಕೈತುಂಬ ಬಳೆ ತೊಟ್ಟು ಬಳಗಾನೂರಿಗೆ ಹೋದಳು. ಅತ್ತೆ ಆ ಕೈಗಳನ್ನು ಹಿಡಿದು ನೋಡಿ, ಸ್ನಾನಕ್ಕೆ ನೀರು ಕಾಸಿ ಕೊಟ್ಟಳಂತೆ.

ಇತ್ತ ವೆಂಕೋಬ ಮಸ್ಕಿಯ ಸಂತೆಗೆ ಬಂದ. ಕೋಟಿರಲಿಲ್ಲ. ಮಲಾರದ ಮುಂದೆ ನಿಂತು, "ಬಂದು ನಮ್ಮ ಮನ್ಯಾಕಿಗೆ ಒಂದ್ ನಾಲ್ಕು ಬಳಿ ತೊಡ್ಸು ಜಮೀಲಾ. ಬೀಗರು ನಮ್ಮನ್ನ ಮೂಸಿ ನೋಡವಲ್ರು. ನೀ ಹೇಳಿದ್ರ ಆಕಿ ಕೇಳ್ತಾಳ" ಎಂದ.

"ಕೂಡ್ರಿ ಸಾಹೇಬ್ರ. ಗಿರಾಕಿ ಅದಾವ."

ಕೂಡಲು ನೆರಳಿರಲಿಲ್ಲ. ಆತ ಬಿಸಿಲಿನಲ್ಲಿ ಕೂತ. ಹೆಂಗಸರು ಬಂದರು, ತೊಟ್ಟರು, ಆತನನ್ನು ಮೇಲಿಂದ ಕೆಳಗೆ ನೋಡಿ ಮಲಾರಕ್ಕೆ ಬಾಗಿ ಹೋದರು. ಸಂತೆ ಕರಗಿತು. ಜಮೀಲಾಬೀ ಹಗ್ಗ ಬಿಗಿಯುತ್ತ, "ಇವತ್ತು ಹೊತ್ತಾತು, ಮುಂದಿನ ಸಂತಿಗೆ ಬರ್ರಿ" ಎಂದಳು. ಮುಂದಿನ ಸಂತೆಗೂ ಹಾಗೇ ಅಂದಳು. ಕಟ್ಟೆಯ ಮೇಲೆ ಈಗ ಸುಂಕದ ಬದಲು ಇದೇ ಜಗಳ.

"ಸಾಕು ಬಿಡಬೇ ಇನ್ನ," ಎಂದ ದೊಡ್ಡಬಸಪ್ಪ. "ಸರಕಾರಿ ನೌಕರನ್ನ ಹಿಂಗ ಕೂಡ್ಸಿದ್ರ ನಾಳೆ ಯಾರೂ ಕಾಯ್ದೆಗೆ ಹೆದರಂಗಿಲ್ಲ."

"ಕೂಡ್ಲಿ ಬಿಡು, ಬಿಸಿಲಿಗೇನು ಸುಂಕ ಐತೇನು?" ಎಂದ ಗದ್ದೆಪ್ಪ.

ಜಮೀಲಾಬೀ ಮಾತ್ರ ವೆಂಕೋಬನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ನೋಡುತ್ತಿದ್ದಳು. ತನಗೆ ಸಾಕೆನಿಸುವ ತನಕ ನೋಡಬೇಕೆಂದಿದ್ದಳು. ಸಾಕೆನಿಸಲು ಇನ್ನೂ ಕೆಲವು ಸಂತೆ ಹಿಡಿಯಿತು. ಒಂದು ಸಲ ಆಕೆಯೇ ಎದ್ದು, "ನಡೀರಿ ಮುಂದ" ಎಂದಳು.

ಸಿಂಧನೂರಿನ ಮನೆಯಲ್ಲಿ ಪಾರ್ವತೆಮ್ಮ ಹೊರಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿ ನೀರು ಕೊಟ್ಟಳು. ಜಮೀಲಾಬೀ ಮಲಾರ ಬಿಚ್ಚಿ ಕೈ ಚಾಚಿದಳು. ಪಾರ್ವತೆಮ್ಮ ಕೈ ಕೊಡಲಿಲ್ಲ. ಗಂಡನ ಕಡೆ ತಿರುಗಿದಳು.

"ಕುರ್ಚಿ ಬಿಟ್ರೇನು?"

"ಅರ್ಜಿ ಹಾಕೀನಿ. ನಾಕಾ ಬ್ಯಾಡ, ಒಳಗಿನ ಕಚೇರಿ ಯಾವುದಾದ್ರೂ ಆಗ್ಲಿ ಅಂತ. ಹುಕುಂ ಇನ್ನಾ ಬಂದಿಲ್ಲ."

"ಹಂಗಾದ್ರ ಈ ಅಕ್ಕನ್ನ ಸುಮ್ನ ನಡಿಸಿಕೊಂಡು ಬಂದೀರಿ."

ಜಮೀಲಾಬೀ ಬೆರಗಾಗಿ ನೋಡಿದಳು. "ಬಾಯೀ, ನನ್ನ ಮಗಳು ತನ್ನ ಮನಿಗೆ ಹೋದ್ಲು. ನಂದು ಮುಗೀತು. ತೊಟ್ಕೊರಿ."

"ನಿಂದು ಮುಗೀತು. ನಂದು ಮುಗಿದಿಲ್ಲ ಯಕ್ಕಾ. ಇಷ್ಟು ವರ್ಷ ಈ ಸುಂಕದ ನೌಕರಿ ಉಪ್ಪು ಉಂಡೀನಿ. ಎಂಥಾದ್ದು ಅಂತ ಒಂದಿವ್ಸ ಕೇಳ್ಲಿಲ್ಲ." ಪಾರ್ವತೆಮ್ಮ ಎದ್ದಳು. "ಹೊಲದಾರಿ ನಡದು ಬಂದಿ, ಉಂಡು ಹೋಗು."

ಬುಟ್ಟಿಯಲ್ಲಿ ಬಿಸಿ ರೊಟ್ಟಿ ತಂದಳು, ಪುಂಡಿಪಲ್ಯ ತಂದಳು. ಜಮೀಲಾಬೀಗೆ ಹೊರಗೆ ಬಡಿಸಿ, ಬಾಗಿಲೊಳಗೆ ಮಣೆಯ ಮೇಲೆ ಕೂತ ಗಂಡನಿಗೂ ಬಡಿಸಿದಳು. ಆ ಬರಿಗೈ ತಾಟಿನ ಮೇಲೆ ಬಂದಾಗಲೆಲ್ಲ ವೆಂಕೋಬ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದ. ರೊಟ್ಟಿ ಹಾಕುವಾಗ ಹೊರಳಿಸಿದ, ಪಲ್ಯ ಹಾಕುವಾಗ ಹೊರಳಿಸಿದ. ತುತ್ತು ಮುರಿದು ಮುರಿದು ತಾಟಿನಲ್ಲೇ ಬಿಟ್ಟ.

"ಇನ್ನೊಂದು ಹಾಕ್ಲ್ಯಾ ಯಕ್ಕಾ?" ಎಂದು ಪಾರ್ವತೆಮ್ಮ ಹೊರಗೆ ಬಂದು ಕೇಳಿದಳು.

ಜಮೀಲಾಬೀಗೆ ಹೊಟ್ಟೆ ತುಂಬಿತ್ತು. "ಹಾಕವ್ವ" ಎಂದಳು. "ಸಾಹೇಬ್ರಿಗೂ ಒಂದು ಹಾಕು."